ಹಾಲಿವುಡ್ ಗುಡ್ಡದಲ್ಲಿ ನಮ್ಮ ಕಾರಾಪುರದ ಸಾಬು

ಲಾಸ್ ಏಂಜಲೀಸ್‌ನ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆ. ಒಂದು ಶನಿವಾರ ಬೆಳಿಗ್ಗೆ, "ಅಪ್ಪ, ಇವತ್ತು ಎಲ್ಲಿಗೆ ಹೋಗೋಣ?" ಅಂತ ಕೇಳಿದಳು. "ಸಾಬು ಇರೋ ಕಡೆ ಕರ್ಕೊಂಡು ಹೋಗಮ್ಮ" ಅಂದೆ. ಅವಳಿಗೆ ಸಾಬು ಯಾರು ಅಂತ ಗೊತ್ತಿರಲಿಲ್ಲ. ಅದು ಅವಳ ತಪ್ಪಲ್ಲ. ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ಮೇಷ್ಟ್ರಾಗಿದ್ದವನು. ಕಾರಾಪುರದ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ. ಆ ಊರಲ್ಲಿ ಹುಟ್ಟಿದವನೊಬ್ಬ ಹಾಲಿವುಡ್ ನಟನಾದ ಅನ್ನುವುದು ನನಗೇ ತಿಳಿದದ್ದು ನಿವೃತ್ತಿಯಾದ ಮೇಲೆ. ಪಾಠ ಹೇಳುವಾಗ ಒಂದು ದಿನವೂ ಅವನ ಹೆಸರು ಮಕ್ಕಳ ಕಿವಿಗೆ ಹಾಕಲಿಲ್ಲವಲ್ಲ ಎಂಬ ಕೊರಗು ಈಗಲೂ ಇದೆ.

ಕಾರಿನಲ್ಲಿ ಅವಳಿಗೆ ಕತೆ ಹೇಳುತ್ತಾ ಹೋದೆ. ಹುಟ್ಟಿದ್ದು 1924ರಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆ ಮಾವುತ. ಅಪ್ಪ ಸತ್ತಾಗ ಇವನಿನ್ನೂ ಚಿಕ್ಕ ಹುಡುಗ. ಅರಮನೆಯ ಆನೆಲಾಯವೇ ಅವನಿಗೆ ಮನೆಯಾಯಿತು. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಸಿನಿಮಾ ತೆಗೆಯಲು ಮೈಸೂರಿಗೆ ಬಂದರು. ಮಾವುತರ ಹುಡುಗನ ಪಾತ್ರಕ್ಕೆ ಅವರಿಗೆ ಸಿಕ್ಕಿದ್ದು ನಿಜವಾದ ಮಾವುತರ ಹುಡುಗ! 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಿತು. ಅದರಲ್ಲಿ ಅವನ ಜೊತೆ ನಟಿಸಿದ್ದು ಅರಮನೆಯ ಐರಾವತ. ಅಣ್ಣನ ಜೊತೆ ಹುಡುಗ ಇಂಗ್ಲೆಂಡಿಗೆ ಹೋದ. 'ದಿ ಥೀಫ್ ಆಫ್ ಬಾಗ್ದಾದ್' ಅರ್ಧ ಆಗಿರುವಾಗ ಯುದ್ಧ ಶುರುವಾಗಿ, ಉಳಿದ ಚಿತ್ರೀಕರಣ ಅಮೆರಿಕಕ್ಕೆ ಹೋಯಿತು. ಅವನೂ ಹೋದ. ಅಲ್ಲೇ ನೆಲೆ ನಿಂತ.

ಮೊದಲು ಹೋದದ್ದು ಹಾಲಿವುಡ್ ಬುಲೆವಾರ್ಡ್‌ಗೆ. ಫುಟ್‌ಪಾತಿನ ಉದ್ದಕ್ಕೂ ಹೆಸರಾದ ಕಲಾವಿದರ ಗೌರವಕ್ಕೆ ನೆಲದಲ್ಲಿ ಕೂರಿಸಿದ ಗುಲಾಬಿ ಬಣ್ಣದ ನಕ್ಷತ್ರಗಳು. ತಲೆ ಬಗ್ಗಿಸಿಕೊಂಡೇ ನಡೆದೆವು. ಒಂದರಲ್ಲಿ ಹಿತ್ತಾಳೆಯ ನಾಲ್ಕೇ ಅಕ್ಷರ, ಇಂಗ್ಲಿಷಿನಲ್ಲಿ: ಸಾಬು. ಜನ ಅದರ ಮೇಲೆ ಕಾಲಿಟ್ಟು ಹೋಗುತ್ತಿದ್ದರು. ಅಲ್ಲಿ ಅದು ಮಾಮೂಲಿ. ನನಗೆ ಮಾತ್ರ ಸಹಿಸಲು ಆಗಲಿಲ್ಲ. ಕೂತು ಕರವಸ್ತ್ರದಿಂದ ಒರೆಸಿದೆ. ಮಗಳು ಏನೂ ಅನ್ನಲಿಲ್ಲ. ಯಾರೂ ತುಳಿಯದ ಹಾಗೆ ಪಕ್ಕದಲ್ಲಿ ನಿಂತುಕೊಂಡಳು.

"ಆಮೇಲೆ ಏನಾಯ್ತಪ್ಪ?"

ಆಮೇಲಿನದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ. 1944ರಲ್ಲಿ ಅಮೆರಿಕದ ಪೌರನಾದ. ಅಲ್ಲಿನ ವಾಯುಪಡೆ ಸೇರಿ, ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಸಾಗರದ ಮೇಲೆ ಹೋರಾಡಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಅಷ್ಟೆಲ್ಲ ಮಾಡಿ ವಾಪಸ್ ಬಂದವನಿಗೆ ಸಿನಿಮಾದವರು ಕೊಟ್ಟಿದ್ದೇನು? ಹೆಚ್ಚಾಗಿ ಅದೇ ಕಾಡು, ಅದೇ ಪ್ರಾಣಿಗಳು. 1947ರ 'ಬ್ಲಾಕ್ ನಾರ್ಸಿಸಸ್' ನೋಡಿ. ಅದರಲ್ಲಿ ಒಡವೆ, ರೇಷ್ಮೆ ತೊಟ್ಟ ಯುವ ರಾಜಕುಮಾರನಾಗಿ ಬರುತ್ತಾನೆ. ಅವನು ಹಾಕಿಕೊಂಡ ಸೆಂಟಿನ ಹೆಸರೇ ಆ ಚಿತ್ರದ ಹೆಸರು. ಎಷ್ಟು ಹಗುರಾಗಿ, ಎಷ್ಟು ಚೆನ್ನಾಗಿ ಮಾಡಿದ್ದಾನೆ! ಇಂಥದ್ದು ಇನ್ನೊಂದು ನಾಲ್ಕು ಪಾತ್ರ ಯಾಕೆ ಸಿಗಲಿಲ್ಲ? ಬೆಳೆದು ಗಂಡಸಾದವನನ್ನು ಅವರು ಆನೆ ಹುಡುಗನಾಗಿಯೇ ನೋಡಿದರು. 1952ರಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನಕ್ಕೂ ನಿಂತ.

ನಮ್ಮ ಕಡೆಯಿಂದಲೂ ಒಂದು ಬಾಗಿಲು ತೆರೆದಿತ್ತು. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಇವನನ್ನೇ ಬಯಸಿದ್ದರು. ಇಲ್ಲಿ ಕೆಲಸ ಮಾಡಲು ಪರ್ಮಿಟ್ ಸಿಗಲಿಲ್ಲ. ಪಾತ್ರ ಸುನಿಲ್ ದತ್‌ಗೆ ಹೋಯಿತು. ಹುಟ್ಟಿದ ದೇಶದಲ್ಲಿ ನಟಿಸಲು ಪರ್ಮಿಟ್ ಇಲ್ಲ ಅಂದರೆ ಮನಸ್ಸಿಗೆ ಹೇಗಾಗಿರಬೇಕು, ಅಲ್ವಾ?

ಮಧ್ಯಾಹ್ನ ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ಸ್ಮಶಾನಕ್ಕೆ ಹೋದೆವು. ಗುಡ್ಡದ ಇಳಿಜಾರಿನ ತುಂಬ ಹಸಿರು ಹುಲ್ಲು. ನಮ್ಮೂರ ಕಡೆಯ ಹಾಗೆ ಕಟ್ಟೆ ಕಟ್ಟಿದ ಗೋರಿಗಳಿಲ್ಲ. ಹೆಸರಿನ ಫಲಕಗಳು ನೆಲಕ್ಕೆ ಸಮವಾಗಿವೆ, ಹತ್ತಿರ ಹೋಗಿ ಬಗ್ಗಿದರೆ ಮಾತ್ರ ಕಾಣುತ್ತವೆ. ಮಗಳು ಮೇಲಿನ ಸಾಲಿನಿಂದ, ನಾನು ಕೆಳಗಿನ ಸಾಲಿನಿಂದ ಹುಡುಕುತ್ತಾ ಬಂದೆವು. ಒಂದು ಗಂಟೆಯಾಯಿತು. ಮಂಡಿ ನೋಯುತ್ತಿತ್ತು. ಇನ್ನು ಸಾಕು ಅಂತ ಹೇಳಲು ತಲೆ ಎತ್ತಿದೆ. ಅವಳು ಮೇಲಿನಿಂದ ಕೈ ಬೀಸುತ್ತಿದ್ದಳು.

1963ರ ಡಿಸೆಂಬರ್ 2ರಂದು ಹೃದಯಾಘಾತವಾಗಿ ಸತ್ತಾಗ ಅವನಿಗೆ ಬರೀ 39 ವರ್ಷ. ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ನನ್ನ ಮಗಳಿಗೂ ಈಗ ಅಷ್ಟೇ ವಯಸ್ಸು. ಅದನ್ನು ಅವಳಿಗೆ ಹೇಳಲಿಲ್ಲ.

ಫಲಕದ ಮೇಲೆ ಬಿದ್ದಿದ್ದ ಒಣಹುಲ್ಲು ತೆಗೆದು ಪಕ್ಕದಲ್ಲಿ ಕೂತೆ. ಪರದೇಶದಲ್ಲಿ ನಮ್ಮೂರಿನವರು ಸಿಕ್ಕರೆ ಊರಿನ ಸುದ್ದಿ ಹೇಳಬೇಕಲ್ಲ. ಕನ್ನಡದಲ್ಲೇ ಹೇಳಿದೆ. "ಕಾಕನಕೋಟೆ ಖೆಡ್ಡಾ ನಿಂತೋಯ್ತು ಕಣಪ್ಪ, ಕೊನೇದು 71ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟೆ ಆಯ್ತು. ಖೆಡ್ಡಾ ಮಾಡ್ತಿದ್ದ ಜಾಗ ನೀರಲ್ಲಿ ಮುಳುಗೋಯ್ತು. ಈಗ ಯಾರೂ ಆನೆ ಹಿಂಡು ಅಟ್ಟಿ ಹಿಡಿಯೋದಿಲ್ಲ. ಬೇಸಿಗೇಲಿ ಹಿನ್ನೀರು ಇಳಿದಾಗ ಹೊಸ ಹುಲ್ಲು ಬರ್ತದೆ. ಅದನ್ನ ಮೇಯೋಕೆ ಹಿಂಡು ಹಿಂಡಾಗಿ ಅವೇ ಬರ್ತವೆ, ಮರಿಗಳನ್ನೂ ಕರ್ಕೊಂಡು."