ಗಾಳಿಗೆ ಬೆನ್ನು ಕೊಟ್ಟು ಕೂರಿ: ಮೋಡದ ದಿನ ಮಾಗಡಿ ಕೆರೆಯಲ್ಲಿ

ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಗದಗದ ಕಡೆಗೂ ಒಮ್ಮೊಮ್ಮೆ ಎರಡು ಮೂರು ದಿನ ಸೂರ್ಯನ ಮುಖ ಕಾಣುವುದಿಲ್ಲ. ಜಿಟಿಜಿಟಿ ಮಳೆ, ಕೊರೆಯುವ ಗಾಳಿ. ಹಕ್ಕಿ ನೋಡಲು ಹೊರಟವರು ಆಕಾಶ ನೋಡಿಯೇ ವಾಪಸಾಗುವ ದಿನಗಳಿವು. ವಾಪಸಾಗಬೇಕಿಲ್ಲ, ನಿಲ್ಲುವ ಜಾಗ ಬದಲಿಸಿದರೆ ಸಾಕು.

ಮಾಗಡಿ ಎಂದರೆ ಬೆಂಗಳೂರಿನ ಪಕ್ಕದ್ದಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು. ಹೊಲಕ್ಕೆ ನೀರುಣಿಸಲೆಂದು ಕಟ್ಟಿದ ಸುಮಾರು 54 ಹೆಕ್ಟೇರಿನ ಕೆರೆ. ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದೂ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೇ ಇಲ್ಲಿಯ ಆಕರ್ಷಣೆ. ಸುತ್ತಲಿನ ಹೊಲದಲ್ಲಿ ಮೇಯುತ್ತವೆ, ಕೆರೆಗೆ ಬಂದು ವಿಶ್ರಮಿಸುತ್ತವೆ.

ಬಿಸಿಲಿನ ದಿನ ನಾವೆಲ್ಲ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತೇವೆ. ಮೋಡ ಕವಿದ ದಿನ ಸೂರ್ಯನ ಲೆಕ್ಕವೇ ಇಲ್ಲ, ಗಾಳಿಗೆ ಬೆನ್ನು ಕೊಡಬೇಕು. ಹಕ್ಕಿಗಳು ಗಾಳಿಗೆ ಮುಖ ಮಾಡಿ ಕೂರುತ್ತವೆ. ಗಾಳಿ ಹಿಂದಿನಿಂದ ಬಂದರೆ ರೆಕ್ಕೆ ಕೆದರಿ, ಪುಕ್ಕದೊಳಗೆ ಚಳಿ ಹೊಗುತ್ತದೆ. ಹಾಗಾಗಿ ಗಾಳಿ ಬರುವ ದಂಡೆಯಲ್ಲಿ ನೀವಿದ್ದರೆ ಅವುಗಳ ಮುಖ, ಎದೆ, ಕೊಕ್ಕು ನಿಮ್ಮ ಕಡೆಗಿರುತ್ತದೆ. ಎದುರು ದಂಡೆಯಲ್ಲಿ ನಿಂತವರಿಗೆ ಬರೀ ಬಾಲ. ಹಾರಿದರೂ ಗಾಳಿಗೆದುರಾಗಿಯೇ ಏಳುವುದರಿಂದ ನಿಮ್ಮತ್ತಲೇ ಬರುತ್ತವೆ. ಇನ್ನೊಂದು ಲಾಭ: ತುಂತುರು ನಿಮ್ಮ ಬೆನ್ನಿಗೆ ಬಡಿಯುತ್ತದೆ, ದುರ್ಬೀನಿನ ಮುಂದಿನ ಗಾಜು ಒಣಗಿರುತ್ತದೆ.

ಚಳಿಗಾಲದಲ್ಲಿ ಸಾಮಾನ್ಯವಾಗಿ ಬೀಸುವುದು ಮೂಡಗಾಳಿ, ಬೆಳಗಿನ ಸೂರ್ಯನೂ ಮೂಡಣಕ್ಕೇ. ಎರಡೂ ಒಂದೇ ದಿಕ್ಕಾದ್ದರಿಂದ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ವಾಯುಭಾರ ಕುಸಿತ ಬಂದಾಗ ಎಡವಟ್ಟಾಗುತ್ತದೆ. ಗಾಳಿ ಬಡಗಣದಿಂದ ಬೀಸಬಹುದು, ಆ ಕುಸಿತ ಅರಬ್ಬಿ ಸಮುದ್ರದ ಕಡೆ ದಾಟಿದ ಮೇಲೆ ತೆಂಕಣದಿಂದಲೂ ಬೀಸಬಹುದು. ಹಳೆಯ ಜಾಗದಲ್ಲೇ ನಿಂತವರಿಗೆ ಬೆಳಗಿಡೀ ಗಾಜು ಒರೆಸುವುದೇ ಕೆಲಸ. ಕೆರೆಗೆ ಬಂದ ಕೂಡಲೇ ಒಂದು ಹಿಡಿ ಒಣಹುಲ್ಲು ಕಿತ್ತು ಗಾಳಿಗೆ ಬಿಟ್ಟು ನೋಡಿ.

ಇದರಲ್ಲಿ ಒಂದು ತೊಡಕಿದೆ. ಅಲೆ ಎದ್ದಾಗ ಸಣ್ಣ ಬಾತುಗಳು ಏರಿಯ ಮರೆಗೆ, ಅಂದರೆ ಗಾಳಿ ಬರುವ ದಂಡೆಯ ಬುಡಕ್ಕೇ ಬಂದು ಸೇರಿಕೊಂಡಿರುತ್ತವೆ. ಏರಿಯ ನೆತ್ತಿಯ ಮೇಲೆ ನೀವು ನೆಟ್ಟಗೆ ಕಾಣಿಸಿಕೊಂಡರೆ ಇಡೀ ಹಿಂಡು ಎದ್ದುಹೋಗುತ್ತದೆ. ಚಳಿಮಳೆಯಲ್ಲಿ ಒಮ್ಮೆ ಎಬ್ಬಿಸಿದರೆ ಅವುಗಳಿಗೆ ಸುಮ್ಮನೆ ಶಕ್ತಿ ನಷ್ಟ. ಏರಿಯ ಹೊರಮೈಯಲ್ಲೇ ನಡೆದು, ಜಾಲಿಪೊದೆಯ ಹಿಂದೆ ಬಗ್ಗಿ ಮೇಲೇರಿ, ತಲೆ ಮಾತ್ರ ಹೊರಗಿಟ್ಟು ಕೂರಿ. ಹತ್ತು ಹದಿನೈದು ನಿಮಿಷ ಅಲ್ಲಾಡಬೇಡಿ. ಪರಪರ ಎನ್ನುವ ಪ್ಲಾಸ್ಟಿಕ್ ರೇನ್‌ಕೋಟಿಗಿಂತ ಕುರಿಗಾಹಿಗಳ ಕಂಬಳಿ ಕೊಪ್ಪೆಯೇ ವಾಸಿ: ಸದ್ದಿಲ್ಲ, ಬಣ್ಣವೂ ಮಣ್ಣಿನದೇ. ನೆನೆದರೆ ಭಾರ, ಅದೊಂದು ನಿಜ.

ಮಂಜು ಬೇರೆಯದೇ ವಿಷಯ. ರಾತ್ರಿ ನಕ್ಷತ್ರ ಸ್ಪಷ್ಟವಾಗಿದ್ದು, ಗಾಳಿ ಸತ್ತು, ನೆಲ ಒದ್ದೆಯಿದ್ದರೆ ಬೆಳಿಗ್ಗೆ ಮಂಜು ಕಟ್ಟುವ ಸಾಧ್ಯತೆ ಹೆಚ್ಚು. ಮೋಡವಿದ್ದ ರಾತ್ರಿ ಕಡಿಮೆ. ಮಂಜಿನಲ್ಲಿ ಸ್ಪಾಟಿಂಗ್ ಸ್ಕೋಪಿನ (ಕಾಲಿನ ಮೇಲೆ ನಿಲ್ಲಿಸುವ ಒಂಟಿಕಣ್ಣಿನ ದೂರದರ್ಶಕ) ವರ್ಧನೆಯನ್ನು 20ರಿಂದ 60ಕ್ಕೆ ಏರಿಸಿದರೆ ದೊಡ್ಡದಾಗುವುದು ಮಂಜು ಮಾತ್ರ. 20-25ರಲ್ಲೇ ಬಿಡಿ. ಮೊದಲ ಒಂದು ಗಂಟೆ ಕಿವಿಗೆ ಕೆಲಸ. ಹೆಬ್ಬಾತು ಕಾಣುವ ಮೊದಲೇ ಮೂಗಿನಿಂದ ಹೊರಟಂಥ 'ಆಂಗ್ ಆಂಗ್' ಕೇಳುತ್ತದೆ; ಶಿಳ್ಳೆ ಬಾತಿನದು ಹೆಸರೇ ಹೇಳುವ ಹಾಗೆ. ನಂತರ ಆಕಾರ. ಬಣ್ಣವನ್ನು ನಂಬಬೇಡಿ, ಬೂದು ಬೆಳಕಿನಲ್ಲಿ ಎಲ್ಲ ಬಾತೂ ಕಂದೇ. ತೆಳ್ಳನೆ ಉದ್ದ ಕತ್ತು, ಚೂಪು ಬಾಲವಿದ್ದರೆ ಸೂಜಿಬಾಲದ ಬಾತು. ಕೊಕ್ಕಿನ ಭಾರಕ್ಕೆ ಮುಂದಕ್ಕೆ ವಾಲಿದಂತೆ ತೇಲುತ್ತಿದ್ದರೆ ಶವಲರ್. ಬೆನ್ನು ಗುಂಡಗೆ, ತಲೆ ಆಡಿಸುತ್ತ ಸಾಗುವುದು ನಾಮದ ಕೋಳಿ. ಜೌಗು ಸೆಳೆವ ಎಂಬ ಬೇಟೆ ಹಕ್ಕಿಯೊಂದು ನೀರಿನ ಮೇಲೆ ತಗ್ಗಿ ಹಾರಿ ಬಂದರೆ ಇನ್ನೂ ಅನುಕೂಲ: ನಾಮದ ಕೋಳಿಗಳು ಒತ್ತೊತ್ತಾಗಿ ಗುಂಪುಗೂಡುತ್ತವೆ, ಬಾತುಗಳು ಏಳುತ್ತವೆ, ಎಲ್ಲೆಲ್ಲಿ ಏನೇನಿತ್ತು ಎಂದು ಆಗ ತಿಳಿಯುತ್ತದೆ. ಹದ್ದುಗಳಿಗೆ ಮಾತ್ರ ಆಕಾಶ ನೋಡಬೇಡಿ. ನೆಲ ಕಾಯದೆ ಬಿಸಿಗಾಳಿ ಏಳುವುದಿಲ್ಲ, ಅವು ಮರದ ಮೇಲೆಯೇ ಕೂತಿರುತ್ತವೆ.

ಎಣಿಕೆಗೆ ಹೋದವರು, ಜನವರಿಯ ಏಷ್ಯಾ ನೀರುಹಕ್ಕಿ ಗಣತಿಯಂಥದ್ದಕ್ಕೆ, ಮೊದಲು 200 ಮೀಟರ್ ದೂರದ ಒಂದು ಮರವನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳಿ. ಅದು ಸ್ಪಷ್ಟವಾಗಿ ಕಾಣುವವರೆಗೆ ಎಣಿಕೆ ಶುರುಮಾಡಬೇಡಿ. ಮಂಜಿನಲ್ಲಿ ಎಣಿಸಿದ ನೂರು 'ಹೋದ ವರ್ಷಕ್ಕಿಂತ ಹಕ್ಕಿ ಕಡಿಮೆಯಾಗಿದೆ' ಎಂಬ ಸುದ್ದಿಯಾಗುತ್ತದೆ.

ದುರ್ಬೀನು ಕೊಳ್ಳುವವರಿಗೆ ಒಂದು ಸಣ್ಣ ಲೆಕ್ಕ. ದುರ್ಬೀನಿನ ಮೇಲೆ ಬರೆದಿರುವ ಮೊದಲ ಅಂಕಿ ವರ್ಧನೆ, ಎರಡನೆಯದು ಮುಂದಿನ ಗಾಜಿನ ವ್ಯಾಸ. ವ್ಯಾಸವನ್ನು ವರ್ಧನೆಯಿಂದ ಭಾಗಿಸಿ: 8×42ಕ್ಕೆ ಸುಮಾರು 5.2 ಮಿಲಿಮೀಟರ್, 10×42ಕ್ಕೆ 4.2, ಜೇಬಿನ 8×25ಕ್ಕೆ ಬರೀ 3.1. ಕಣ್ಣಿಗೆ ಬರುವ ಬೆಳಕಿನ ಕಿರಣದ ಅಗಲ ಇದು. ಮೋಡದ ಬೆಳಗಿಗೆ 8×42 ಸಾಕು, ಕೈ ನಡುಕವೂ ಕಡಿಮೆ ಕಾಣುತ್ತದೆ. ಎಸಿ ಹಾಕಿದ ಕಾರಿನಿಂದ ಇಳಿದ ತಕ್ಷಣ ಗಾಜಿಗೆ ಹಬೆ ಕಟ್ಟುವುದು ಗಾಜು ತಣ್ಣಗಿರುವುದರಿಂದ. ಕೊನೆಯ ಅರ್ಧ ಗಂಟೆ ಎಸಿ ಆರಿಸಿ, ಕಿಟಕಿ ಇಳಿಸಿ ಬನ್ನಿ. ಕಣ್ಣಿನ ಕಡೆಯ ಗಾಜಿಗೆ ಕಟ್ಟುವುದು ನಿಮ್ಮದೇ ಉಸಿರು: ಮಫ್ಲರ್ ಮೂಗಿನ ಮೇಲಿದ್ದರೆ ಕೆಳಗಿಳಿಸಿ. ಅಂಗಿಯ ತುದಿಯಿಂದ ಒರೆಸಿದರೆ ಧೂಳಿನ ಕಣ ಗಾಜನ್ನು ಗೀರುತ್ತದೆ, ಮೊದಲು ಊದುಗದಿಂದ ಊದಿ. ಬರೆಯಲು ಪೆನ್ಸಿಲ್ ತನ್ನಿ, ಒದ್ದೆ ಹಾಳೆಯ ಮೇಲೆ ಬಾಲ್‌ಪೆನ್ ಮೂಡುವುದಿಲ್ಲ.

ಎರೆಮಣ್ಣಿನ ಬಗ್ಗೆ ಆ ಭಾಗದವರಿಗೆ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳಲೇಬೇಕು. ಮಳೆ ಬಿದ್ದ ಎರೆ ಹೊಲದಲ್ಲಿ ಹತ್ತು ಹೆಜ್ಜೆ ಇಟ್ಟರೆ ಬೂಟಿನಡಿ ಒಂದೊಂದು ಮುದ್ದೆ. ಬೈಕಿನಲ್ಲಿ ಇಳಿದರೆ ಮಡ್‌ಗಾರ್ಡ್ ಮತ್ತು ಚಕ್ರದ ನಡುವೆ ಮಣ್ಣು ಮೆತ್ತಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಕೋಲಿನಿಂದ ಕೆರೆದು ತೆಗೆಯದೆ ಗತಿಯಿಲ್ಲ. ಗಾಡಿ ಡಾಂಬರಿನ ಬಳಿಯೇ ಇರಲಿ. ಜೋರು ಮಳೆಯಾಗಿ ಕೆರೆ ಏರಿದ್ದರೆ ಅಂಚಿನ ಕೆಸರು ಮುಳುಗಿ ಗದ್ದೆಗೊರವಗಳು ಕಾಣೆಯಾಗುತ್ತವೆ. ಅವು ಹೊಲದ ತಗ್ಗುಗಳಲ್ಲಿ ನಿಂತ ನೀರಿಗೆ ಹೋಗಿರುತ್ತವೆ, ರಸ್ತೆಯಿಂದಲೇ ಹುಡುಕಿ.

ಮನೆಗೆ ಬಂದ ಮೇಲೆ ದುರ್ಬೀನನ್ನು ಚೀಲದಲ್ಲಿ ಮುಚ್ಚಿಡಬೇಡಿ. ಮುಚ್ಚಳ ತೆಗೆದು ರಾತ್ರಿಯಿಡೀ ಫ್ಯಾನಿನ ಕೆಳಗಿಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿ. ಅಕ್ಕಿ ಡಬ್ಬಕ್ಕೆ ಹಾಕುವವರಿದ್ದಾರೆ. ತೇವ ಹೋಗುತ್ತದೋ ಇಲ್ಲವೋ, ಅಕ್ಕಿಯ ಹುಡಿ ಮಾತ್ರ ಫೋಕಸ್ ಚಕ್ರದ ಸಂದಿಗೆ ಇಳಿಯುತ್ತದೆ.