ಗೆರೆ ಎಳೆಯುವ ದಿನ ನಾವು ಅಲ್ಲಿರಬೇಕು

ಆ ನಕ್ಷೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಗರಸಭೆಯ ನೋಟಿಸ್ ಬೋರ್ಡಿಗೆ ಪಿನ್ನು ಚುಚ್ಚಿ ಹಾಕಿದ್ದರು. ಒಂದು ಮೂಲೆ ಬಿಸಿಲಿಗೆ ಸುರುಳಿ ಸುತ್ತಿಕೊಂಡಿತ್ತು. ಬೆರಳಿಂದ ಬಿಡಿಸಿ ನೋಡಿದೆ. ರಸ್ತೆ ಅಗಲೀಕರಣದ ಕೆಂಪು ಗೆರೆ, ನಾನು ಮಾರಿಸಿಕೊಡಲು ಒಪ್ಪಿಕೊಂಡಿದ್ದ ಮನೆಯ ಮುಂದಿನ ಕೋಣೆಯ ಮೇಲೇ ಹಾದುಹೋಗಿತ್ತು. ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ ಮುಗಿದು ಮೂರು ವಾರವಾಗಿತ್ತು.

ಮನೆ ವಯಸ್ಸಾದ ದಂಪತಿಯದ್ದು. ಮಗಳ ಹತ್ತಿರ ಹೋಗಿ ಇರೋಣ ಅಂತ ಮಾರಲು ಹೊರಟಿದ್ದರು. ಕೊಳ್ಳುವವರಿಗೆ ಗೆರೆಯ ವಿಷಯ ಹೇಳಿದೆ, ಹೇಳಲೇಬೇಕಲ್ವಾ. ಅವರು ಹಿಂದೆ ಸರಿದರು. ಅಜ್ಜಿ ನನ್ನನ್ನು ಬೈಯಲಿಲ್ಲ. "ಮೊದಲೇ ಗೊತ್ತಾಗಿದ್ರೆ ಹೇಳ್ತಿದ್ರಿ ಅಲ್ವಾ?" ಅಂತ ಮಾತ್ರ ಕೇಳಿದರು. ನನಗೆ ಗೊತ್ತಾಗಬೇಕಿತ್ತು. ಆ ನಕ್ಷೆಯ ಕರಡು ನಗರಸಭೆಯ ಸಭೆಯಲ್ಲಿ ಚರ್ಚೆಗೆ ಬಂದ ಸಂಜೆ ನಾನು ಬೇರೊಂದು ಪಾರ್ಟಿಗೆ ಸೈಟ್ ತೋರಿಸುತ್ತಿದ್ದೆ.

ಅವತ್ತಿನಿಂದ ಒಂದು ಸಭೆಯನ್ನೂ ತಪ್ಪಿಸಿಲ್ಲ. ಮನೆ, ಸೈಟ್ ಮಾರಿಸಿಕೊಡುವ ನಮ್ಮ ಕಸುಬಿನವರೆಲ್ಲ ಹೋಗಬೇಕು, ವಾರ್ಡಿಗೆ ಸ್ಪರ್ಧಿಸಬೇಕು ಅಂತ ಅನ್ನಿಸಿದವರು ಸ್ಪರ್ಧಿಸಲೂಬೇಕು. ಎಷ್ಟು ಮಹಡಿ, ಎಷ್ಟು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಒಳಚರಂಡಿ ಯಾವ ಬೀದಿಗೆ ಮೊದಲು, ಎಲ್ಲ ಅಲ್ಲೇ ತೀರ್ಮಾನವಾಗುತ್ತದೆ.

ಆಸ್ತಿ ವ್ಯವಹಾರದವರು ಇಂಥ ತೀರ್ಮಾನಗಳಲ್ಲಿ ಬಾಯಿ ಹಾಕುವುದು ಹೊಸದೇನಲ್ಲ. 1915ರಲ್ಲಿ ನ್ಯೂಯಾರ್ಕಿನಲ್ಲಿ ಇಕ್ವಿಟಬಲ್ ಬಿಲ್ಡಿಂಗ್ ಪೂರ್ತಿಯಾಯಿತು. ರಸ್ತೆಯ ಅಂಚಿನಿಂದ ನೇರ ಮೇಲಕ್ಕೆ. ಸುತ್ತಲಿನ ಬೀದಿಗಳಿಗೆ ಬಿಸಿಲೇ ಇಲ್ಲದಂತಾಯಿತು. ಮರುವರ್ಷವೇ ಆ ನಗರ ಝೋನಿಂಗ್ ನಿಯಮ, ಅಂದರೆ ಎಲ್ಲಿ ಎಂಥ ಕಟ್ಟಡ ಎಷ್ಟು ಎತ್ತರಕ್ಕೆ ಕಟ್ಟಬಹುದು ಅನ್ನುವ ನಿಯಮ ತಂದಿತು. ಒತ್ತಾಯಿಸಿದವರಲ್ಲಿ ಫಿಫ್ತ್ ಅವೆನ್ಯೂನ ವ್ಯಾಪಾರಿಗಳೂ ಆಸ್ತಿ ಮಾಲೀಕರೂ ಇದ್ದರು.

ಕೆಟ್ಟದ್ದೂ ನಡೆದಿದೆ, ಅದನ್ನು ಮುಚ್ಚಿಡಬಾರದು. 1924ರಲ್ಲಿ ಅಮೆರಿಕದ ರಿಯಲ್ ಎಸ್ಟೇಟ್ ಬೋರ್ಡುಗಳ ರಾಷ್ಟ್ರೀಯ ಸಂಘದ ನೀತಿಸಂಹಿತೆ, ಬೆಲೆ ಬೀಳಿಸುವಂಥ ಜನಾಂಗದವರನ್ನು ಬಡಾವಣೆಗೆ ತರಬಾರದು ಅಂತ ಏಜೆಂಟರಿಗೆ ಹೇಳಿತ್ತು. ಮನೆ ಕೊಡುವುದರಲ್ಲಿ ಜನಾಂಗ ನೋಡುವುದನ್ನು ತಡೆಯಲು 1968ರ ಫೇರ್ ಹೌಸಿಂಗ್ ಆಕ್ಟ್ ಬರಬೇಕಾಯಿತು. ಆ ನೀತಿಸಂಹಿತೆ ಓದಿದಾಗ ಹೊಟ್ಟೆ ತೊಳಸಿತು. ಹಾಗಾಗಿ ನಾನು ಮಾತಾಡುವ ಮೊದಲೇ ಎದ್ದು ನಿಂತು ಹೇಳುತ್ತೇನೆ: ಈ ಬೀದಿಯಲ್ಲಿ ನನ್ನ ಕೈಯಲ್ಲಿ ಇಂತಿಷ್ಟು ಮನೆಗಳಿವೆ, ನನ್ನ ಮಾತನ್ನು ಅದನ್ನು ತಿಳಿದೇ ಕೇಳಿ. ಸದಸ್ಯನಾಗಿದ್ದರೆ ಅಂಥ ವಿಷಯಕ್ಕೆ ಓಟು ಹಾಕದೆ ಹೊರಗೆ ನಡೆಯಬೇಕು.

ಆದರೂ ಹೋಗಲೇಬೇಕು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಕಾರಣವಿದೆ. ನಾವು ಮನೆಗಳ ಒಳಗೆ ಹೋಗುತ್ತೇವೆ. ಕಳೆದ ತಿಂಗಳು ಒಂದು ತಗ್ಗು ಜಾಗದಲ್ಲಿ ಹೊಸ ಬಡಾವಣೆಯ ಫೈಲು ಬಂತು. ಕಾಗದದಲ್ಲಿ ಎಲ್ಲ ಸರಿಯಿತ್ತು. ಪಕ್ಕದ ಬೀದಿಯ ಮೂರು ಮನೆಗಳನ್ನು ನಾನು ತೋರಿಸಿದ್ದೆ. ಗೋಡೆಗೆ ಬಣ್ಣ ಹೊಡೆದು ತೇವದ ಕಲೆ ಮುಚ್ಚಿದ್ದರು, ಆದರೆ ಮೂರರಲ್ಲೂ ಕೆಳಗಿದ್ದ ಪ್ಲಗ್ ಪಾಯಿಂಟುಗಳನ್ನು ಎದೆಯೆತ್ತರಕ್ಕೆ ಏರಿಸಿದ್ದರು. ಸುಮ್ನೆ ಯಾರೂ ಹಾಗೆ ಮಾಡಲ್ಲ. ಮಳೆನೀರು ಮನೆಗೆ ನುಗ್ಗುತ್ತದೆ ಅಂತ ಸಭೆಯಲ್ಲಿ ಹೇಳಿದೆ. ಎಂಜಿನಿಯರ್ ಬರೆದುಕೊಂಡರು. ಚರಂಡಿಯ ಮಟ್ಟ ಅಳೆಯುವವರೆಗೆ ಫೈಲು ನಿಂತಿತು.

ಗುರುವಾರ ಆ ಅಳತೆಯ ವರದಿ ಬರುತ್ತದೆ. ಅಜ್ಜಿಯ ಮನೆ ಮುಂದಿನ ಗೆರೆ ಸರಿಸಿ ಅಂತ ಇಡೀ ಬೀದಿಯವರು ಸಹಿ ಹಾಕಿದ ಅರ್ಜಿಯೂ ಅವತ್ತೇ ಇದೆ. ತಡವಾಗಿದೆ, ಗೊತ್ತು. ಅಜ್ಜಿಯೂ ಬರುತ್ತೇನೆ ಅಂದಿದ್ದಾರೆ. ಐದು ಗಂಟೆಗೆ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ.