ನೆರಳು ಹಾಕುವ ಮುಂಚೆ ಬೆಳಕು ನೋಡಿ

ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್‌ಗೆ ಕೂತವರು ದಿನವೂ ಕೇಳುವ ಮಾತೊಂದಿದೆ: "ಎಲ್ಲಾ ಚೆನ್ನಾಗೈತೆ ಅಣ್ಣ, ಇನ್ನೊಂಚೂರು ಎಫೆಕ್ಟ್ ಹಾಕು." ಏನು ಎಫೆಕ್ಟ್ ಅಂತ ತಿರುಗಿ ಕೇಳಿದರೆ ಗಿರಾಕಿಗೂ ಹೇಳಲು ಬರುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಆಗ ಫೋಟೋಶಾಪ್‌ನಲ್ಲಿ ಲೇಯರ್ (ಒಂದರ ಮೇಲೊಂದು ಕೂರುವ ಪದರ) ಸ್ಟೈಲ್ ತೆರೆದು ಡ್ರಾಪ್ ಶಾಡೋ (ಹಿಂದೆ ಬೀಳುವ ನೆರಳು), ಔಟರ್ ಗ್ಲೋ (ಸುತ್ತಲ ಹೊಳಪು), ಬೆವೆಲ್ (ಉಬ್ಬು), ಸ್ಟ್ರೋಕ್ (ಅಂಚಿನ ಗೆರೆ) ಎಲ್ಲಕ್ಕೂ ಟಿಕ್ ಹೊಡೆಯುತ್ತಾರೆ. ಅಕ್ಷರ ಊದಿಕೊಳ್ಳುತ್ತದೆ, ಫೋಟೋ ಕತ್ತರಿಸಿ ಅಂಟಿಸಿದ್ದು ಇನ್ನಷ್ಟು ಎದ್ದು ಕಾಣುತ್ತದೆ, ಗಿರಾಕಿ ಮತ್ತೆ ಅದೇ ಮಾತು ಹೇಳುತ್ತಾನೆ.

ದಾವಣಗೆರೆ ಕಡೆಯ ಒಂದು ಸ್ಟುಡಿಯೋದಲ್ಲಿ ಈ ಕೆಲಸ ಮಾಡುತ್ತಾ ನನಗೆ ಅರ್ಥವಾದದ್ದು ಇಷ್ಟು. ಗಿರಾಕಿ "ಎಫೆಕ್ಟ್" ಅಂದಾಗ ಬಹುತೇಕ ಅವನ ಕಣ್ಣಿಗೆ ಕೊರತೆಯಾಗಿರುವುದು ಬೆಳಕು. ಮುಖ ಮಂಕಾಗಿದೆ, ಇಲ್ಲವೇ ಮುಖದ ಮೇಲಿನ ಬೆಳಕಿಗೂ ಹಿಂದಿನ ಬ್ಯಾಕ್‌ಗ್ರೌಂಡ್‌ಗೂ ತಾಳೆಯಿಲ್ಲ. ಬೆಳಕು ಏರಿಳಿಸುವ ಕರ್ವ್ಸ್‌ನಲ್ಲಿ ಮುಖವನ್ನಷ್ಟೇ ಒಂದಿಷ್ಟು ಎತ್ತಿ ತೋರಿಸಿದರೆ "ಹಾಂ, ಈಗ ಎಫೆಕ್ಟ್ ಬಂತು ನೋಡು" ಅಂತಾರೆ.

ಇದನ್ನು ತಲೆಗೆ ತುಂಬಿದವರು ನಮ್ಮ ಯಜಮಾನರು. ಡಾರ್ಕ್‌ರೂಮಿನ ಕೆಂಪು ದೀಪದಡಿ ಪ್ರಿಂಟ್ ತೆಗೆದ ಕಾಲದವರು. ಫೋಟೋಶಾಪ್‌ನ ಡಾಡ್ಜ್ ಟೂಲ್‌ಗೆ ಕಡ್ಡಿಗೆ ಸಿಕ್ಕಿಸಿದ ಬಿಲ್ಲೆಯ ಚಿತ್ರ, ಬರ್ನ್ ಟೂಲ್‌ಗೆ ಮಡಚಿದ ಕೈಯ ಚಿತ್ರ ಯಾಕಿದೆ ಎಂದು ನನಗೆ ತಿಳಿದದ್ದು ಅವರಿಂದಲೇ. ನೆಗೆಟಿವ್ ಚಿತ್ರವನ್ನು ಹಿಗ್ಗಿಸುವ ಎನ್‌ಲಾರ್ಜರ್ ಕೆಳಗೆ ಕಾಗದದ ಮೇಲೆ ಬೀಳುವ ಬೆಳಕಿಗೆ ಬಿಲ್ಲೆ ಅಡ್ಡ ಹಿಡಿದರೆ ಅಷ್ಟು ಜಾಗ ತಿಳಿಯಾಗುತ್ತಿತ್ತು. ಕೈ ಅಡ್ಡವಿಟ್ಟು ಸಂದಿಯಲ್ಲಿ ಬೇಕಾದಲ್ಲಿಗಷ್ಟೇ ಹೆಚ್ಚು ಬೆಳಕು ಬಿಟ್ಟರೆ ಅದು ಕಪ್ಪಾಗುತ್ತಿತ್ತು. ಕಂಪ್ಯೂಟರ್ ಮುಂದೆ ಅವರು ಕೂರುವುದಿಲ್ಲ. ಹಿಂದೆ ನಿಂತು "ಬೆಳಕು ಯಾವ ಕಡೆಯಿಂದ ಬಿದ್ದೈತೆ ನೋಡಪ್ಪಾ ಮೊದಲು" ಅಂತಾರೆ, ಅಷ್ಟೆ.

ನೋಡುವುದು ಕಷ್ಟವೇನಲ್ಲ. ಮೂಗಿನ ನೆರಳು ಯಾವ ಕೆನ್ನೆಗೆ ಬಿದ್ದಿದೆ, ಗದ್ದದ ಕೆಳಗೆ ಎಷ್ಟು ಕಪ್ಪಿದೆ, ಕಣ್ಣುಗುಡ್ಡೆಯಲ್ಲಿ ಮಿನುಗುವ ಬಿಳಿ ಚುಕ್ಕೆ ಎಡಕ್ಕಿದೆಯೋ ಬಲಕ್ಕಿದೆಯೋ, ಈ ಮೂರು ಸಾಕು. ಕಣ್ಣಿನ ಗುಳಿಗಳೆರಡೂ ಕಪ್ಪಾಗಿದ್ದರೆ ನಡುಮಧ್ಯಾಹ್ನ ತೆಗೆದ ಫೋಟೋ, ಬೆಳಕು ನೆತ್ತಿಯ ಮೇಲಿದೆ. ತಲೆಯ ಹಿಂದೆ ಗೋಡೆಗೆ ಗಟ್ಟಿ ನೆರಳು ಅಂಟಿದ್ದರೆ ಫ್ಲ್ಯಾಶ್, ಬೆಳಕು ಎದುರಿನದು.

ಇನ್ನು ಡ್ರಾಪ್ ಶಾಡೋ. ಅದರ ಆ್ಯಂಗಲ್ 120 ಡಿಗ್ರಿ ಇಟ್ಟರೆ ಬೆಳಕು ಎಡ ಮೇಲ್ಮೂಲೆಯಿಂದ ಬಂದು ನೆರಳು ಬಲ ಕೆಳಕ್ಕೆ ಬೀಳುತ್ತದೆ. ಫೋಟೋದಲ್ಲಿ ಬೆಳಕು ಬಲಗಡೆಯದಾದರೆ 60 ಮಾಡಬೇಕು. ಯೂಸ್ ಗ್ಲೋಬಲ್ ಲೈಟ್ ಟಿಕ್ ಇದ್ದರೆ ಒಂದು ಲೇಯರ್‌ನಲ್ಲಿ ಬದಲಿಸಿದ್ದು ಅದೇ ಟಿಕ್ ಇರುವ ಎಲ್ಲ ಲೇಯರ್‌ಗೂ ಹೋಗುತ್ತದೆ. ಬ್ಯಾನರ್‌ಗೆ ಇದು ಒಳ್ಳೆಯದೇ, ಒಂದು ಬ್ಯಾನರ್‌ಗೆ ಒಬ್ಬನೇ ಸೂರ್ಯ ಸಾಕು. ನೆರಳಿನ ಬಣ್ಣ ಮಾತ್ರ ಶುದ್ಧ ಕಪ್ಪು ಬೇಡ. ಅರಿಶಿನ ಬಣ್ಣದ ಹಿನ್ನೆಲೆಗೆ ಕಪ್ಪು ನೆರಳು ಹಾಕಿದರೆ ಮಸಿ ಒರೆಸಿದ ಹಾಗೆ ಕಾಣುತ್ತದೆ. ಹಿನ್ನೆಲೆಯ ಬಣ್ಣವನ್ನೇ ಐಡ್ರಾಪರ್‌ನಲ್ಲಿ ಹೆಕ್ಕಿ, ಅದನ್ನೇ ಕಡು ಕಂದು ಮಾಡಿ, ಅಡಿಯ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ ಹಾಕಿ ನೋಡಿ.

ಆದರೆ ಡ್ರಾಪ್ ಶಾಡೋ ಹೊಂದುವುದು ಗೋಡೆಗೆ ಒತ್ತಿಕೊಂಡಿರುವ ವಸ್ತುಗಳಿಗೆ: ಹೆಸರು, ಫೋಟೋ ಫ್ರೇಮ್, ಬ್ಯಾಡ್ಜ್. ಕಾಲಿನವರೆಗೂ ನಿಂತ ಮನುಷ್ಯನಿಗೆ ಅದನ್ನು ಹಾಕಿದರೆ ಆತ ಗಾಳಿಯಲ್ಲಿ ತೇಲುತ್ತಾನೆ. ಅವನಿಗೆ ನೆಲದ ನೆರಳು ಬೇಕು. ಕಂಟ್ರೋಲ್ ಒತ್ತಿ ಅವನ ಲೇಯರ್‌ನ ಥಂಬ್‌ನೇಲ್ ಕ್ಲಿಕ್ ಮಾಡಿದರೆ ಆಕಾರ ಸೆಲೆಕ್ಟ್ ಆಗುತ್ತದೆ. ಕೆಳಗೊಂದು ಹೊಸ ಲೇಯರ್‌ನಲ್ಲಿ ಕಡು ಬಣ್ಣ ತುಂಬಿ, ಕಂಟ್ರೋಲ್ ಟಿ ಒತ್ತಿ ಡಿಸ್ಟಾರ್ಟ್‌ನಲ್ಲಿ ಬೆಳಕಿನ ಎದುರು ದಿಕ್ಕಿಗೆ ನೆಲದ ಮೇಲೆ ಮಲಗಿಸಿ. ಆ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡೇ ಗಾಸಿಯನ್ ಬ್ಲರ್ (ಮಸುಕು) ಕೊಡಿ, ಬೇಕಾದಾಗ ಬ್ಲರ್ ತಿದ್ದಬಹುದು. ಬಿಸಿಲಲ್ಲಿ ನಿಮ್ಮದೇ ನೆರಳು ನೋಡಿಕೊಳ್ಳಿ: ಪಾದದ ಹತ್ತಿರ ಅಂಚು ಸ್ಪಷ್ಟ, ತಲೆಯ ಕಡೆಗೆ ಹೋದಂತೆ ಮಸುಕು. ಹಾಗಾಗಿ ಲೇಯರ್‌ನ ಭಾಗವನ್ನು ಮರೆಮಾಡುವ ಮಾಸ್ಕ್ ಮೇಲೆ ಗ್ರೇಡಿಯೆಂಟ್ ಎಳೆದು ದೂರದ ತುದಿಯನ್ನು ತೆಳ್ಳಗಾಗಿಸಬೇಕು. ಇಷ್ಟಾದರೂ ಮುಗಿಯಲಿಲ್ಲ. ಚಪ್ಪಲಿ ನೆಲಕ್ಕೆ ತಾಗುವ ಗೆರೆಯಲ್ಲಿ ಸಣ್ಣ ಬ್ರಷ್‌ನಿಂದ ಒಂದು ಕಡು ಎಳೆ ಹಾಕಿ. ಉದ್ದ ನೆರಳಿಲ್ಲದಿದ್ದರೂ ನಡೆದೀತು, ಈ ಎಳೆ ಇಲ್ಲದಿದ್ದರೆ ಮನುಷ್ಯ ನೆಲಕ್ಕೆ ಇಳಿಯುವುದೇ ಇಲ್ಲ.

ಬ್ಯಾನರ್ ತುಂಬ ಊರಿನ ಮುಖಂಡರ ತಲೆಗಳಿದ್ದಾಗ ಫಜೀತಿ ಬೇರೆ. ಒಬ್ಬರದು ಮದುವೆ ಆಲ್ಬಂನದು, ಇನ್ನೊಬ್ಬರದು ಕಾರಿನೊಳಗಿನ ಸೆಲ್ಫಿ, ಬೆಳಕು ಒಂದೊಂದು ಕಡೆಯದು. ಫ್ಲಿಪ್ ಹಾರಿಜಾಂಟಲ್ ಮಾಡಿ ಬೆಳಕು ಹೊಂದಿಸುವುದು ಸುಲಭದ ದಾರಿ. ಆದರೆ ತಿರುಗಿಸುವ ಮುಂಚೆ ಅಂಗಿಯ ಜೇಬು, ಬೈತಲೆ, ಮೂಗುತಿ, ಎಡ ಹೆಗಲ ಸೆರಗು ಎಲ್ಲ ನೋಡಿಕೊಳ್ಳಿ. ಉಪನಯನದ ಬ್ಯಾನರ್‌ನಲ್ಲಂತೂ ಈ ಆಟವೇ ಬೇಡ. ಎಡ ಹೆಗಲ ಜನಿವಾರ ಬಲಕ್ಕೆ ಬಂದರೆ ಅದು ಪಿತೃಕಾರ್ಯದ ರೀತಿ, ಶುಭಕಾರ್ಯದ ಮನೆಯವರು ಸುಮ್ಮನಿರುತ್ತಾರೆಯೇ? ಅಂಥ ಕಡೆ ಡಾಡ್ಜ್, ಬರ್ನ್ ಹಿಡಿದು ನಿಧಾನವಾಗಿ ಕೆನ್ನೆ ತಿದ್ದುವುದೇ ಸರಿ.

ಗ್ಲೋ ವಿಷಯಕ್ಕೆ ಬಂದರೆ ನನಗೆ ಔಟರ್ ಗ್ಲೋ ಅಷ್ಟಾಗಿ ಸೇರುವುದಿಲ್ಲ. ಅದು ಮೊದಲಿಗೆ ಅಡಿಯ ಬಣ್ಣವನ್ನು ತಿಳಿಯಾಗಿಸುವ ಸ್ಕ್ರೀನ್ ಮೋಡ್‌ನಲ್ಲಿರುತ್ತದೆ, ಬಿಳಿ ಹಿನ್ನೆಲೆಯ ಮೇಲೆ ಕಾಣುವುದೇ ಇಲ್ಲ. ಕಾಣಲಿಲ್ಲವೆಂದು ಸೈಜ್ ಏರಿಸುತ್ತಾ ಹೋಗುವವರನ್ನು ನೋಡಿದ್ದೇನೆ. ಶ್ರದ್ಧಾಂಜಲಿ ಬ್ಯಾನರ್‌ನಲ್ಲಿ ಫೋಟೋ ಮುಂದೆ ದೀಪವಿಟ್ಟರೆ, ದೀಪದ ಸುತ್ತ ಮೆತ್ತನೆಯ ಬ್ರಷ್‌ನಿಂದ ಕೇಸರಿ ಬಣ್ಣ ಸ್ಕ್ರೀನ್ ಮೋಡ್‌ನಲ್ಲಿ ಬಿಡಿ. ಆಮೇಲೆ ಫೋಟೋದ ಆಚೆ ಬಣ್ಣ ಹರಡದಂತೆ ಅದಕ್ಕೆ ಕ್ಲಿಪ್ಪಿಂಗ್ ಮಾಸ್ಕ್ ಮಾಡಿದ ಇನ್ನೊಂದು ಲೇಯರ್‌ನಲ್ಲಿ, ದೀಪದ ಕಡೆಯ ಅಂಚಿಗೆ ಅದೇ ಕೇಸರಿಯನ್ನು ಸಾಫ್ಟ್ ಲೈಟ್ ಮೋಡ್‌ನಲ್ಲಿ ತೆಳುವಾಗಿ ಸವರಿ. ದೀಪ ಉರಿಯುತ್ತಿದೆ ಅನ್ನಿಸುವುದು ಈ ಎರಡನೆಯ ಲೇಯರ್‌ನಿಂದ.

ಕನ್ನಡ ಅಕ್ಷರಕ್ಕೆ ಸ್ಟ್ರೋಕ್ ಹಾಕುವಾಗ ಕೈ ಬಿಗಿ ಇರಲಿ. ಇಂಗ್ಲಿಷ್ ಅಕ್ಷರಕ್ಕೆ ಒಪ್ಪುವ ದಪ್ಪ ನಮ್ಮ ಅಕ್ಷರಕ್ಕೆ ಒಪ್ಪುವುದಿಲ್ಲ. ಥ ಅಕ್ಷರದ ಹೊಟ್ಟೆಯ ಚುಕ್ಕೆಯನ್ನು ಸ್ಟ್ರೋಕ್ ನುಂಗಿದರೆ ಮಂಜುನಾಥ ಹೋಗಿ ಮಂಜುನಾಧ ಆಗುತ್ತಾನೆ. ಒತ್ತಕ್ಷರವಿರುವ ಎರಡು ಸಾಲುಗಳಿದ್ದರೆ ಮೇಲಿನ ಒತ್ತಿನ ನೆರಳು ಕೆಳಗಿನ ತಲೆಕಟ್ಟಿನ ಮೇಲೆ ಬೀಳುತ್ತದೆ, ಸಾಲಿನ ಅಂತರ ಹೆಚ್ಚಿಸಿಯೇ ನೆರಳು ಹಾಕಬೇಕು. ಹಳೆಯ ಆವೃತ್ತಿಯ ಫೋಟೋಶಾಪ್‌ನಲ್ಲಿ ಯುನಿಕೋಡ್ ಫಾಂಟ್‌ನ ಒತ್ತು ಒಡೆದು ಪಕ್ಕಕ್ಕೆ ನಿಂತರೆ ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಈ ಗೋಜೇ ಬೇಡವೆಂದು ಇಂದಿಗೂ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲೇ ಟೈಪ್ ಮಾಡುವ ಅಂಗಡಿಗಳಿವೆ. ಬೆವೆಲ್ ಬಗ್ಗೆ ನಾನೇನೂ ಹೇಳುವುದಿಲ್ಲ.

ಪ್ರಿಂಟಿಗೆ ಕಳಿಸುವಾಗ ಎರಡು ಸಂಗತಿ. 10×8 ಅಡಿ ಫ್ಲೆಕ್ಸ್ ಇಂಚಿಗೆ 72 ಪಿಕ್ಸೆಲ್ ರೆಸಲ್ಯೂಷನ್‌ನಲ್ಲಿ ಮಾಡಿದರೂ 8640×6912 ಪಿಕ್ಸೆಲ್ ಆಗುತ್ತದೆ, ಕಂಪ್ಯೂಟರ್ ತೆವಳುತ್ತದೆಂದು ಚಿಕ್ಕದಾಗಿ ಡಿಸೈನ್ ಮಾಡಿ ಆಮೇಲೆ ಹಿಗ್ಗಿಸುವವರೇ ಹೆಚ್ಚು. ಇಮೇಜ್ ಸೈಜ್‌ನಲ್ಲಿ ಸ್ಕೇಲ್ ಸ್ಟೈಲ್ಸ್ ಟಿಕ್ ಇರದಿದ್ದರೆ ಅಕ್ಷರ ಹಿಗ್ಗುತ್ತದೆ, ಸ್ಟ್ರೋಕ್ ಮತ್ತು ನೆರಳು ಇದ್ದಷ್ಟೇ ಉಳಿಯುತ್ತವೆ. ಇನ್ನೊಂದು, ಮಾನಿಟರ್‌ನಲ್ಲಿ ಹೊಳೆಯುವ ಗಿಳಿಹಸಿರು ಮತ್ತು ಕಡುನೀಲಿ ಗ್ಲೋ ಪ್ರಿಂಟರ್‌ನ ಸಿಎಂವೈಕೆ (ನಾಲ್ಕು ಬಣ್ಣದ) ಶಾಯಿಗೆ ಸಿಗುವುದಿಲ್ಲ. ಕಂಟ್ರೋಲ್ ವೈ ಒತ್ತಿದರೆ ಪ್ರಿಂಟ್‌ನಲ್ಲಿ ಹೇಗೆ ಬರಬಹುದೆಂಬ ಅಂದಾಜು ಪರದೆಯಲ್ಲೇ ಕಾಣುತ್ತದೆ. ಗಿರಾಕಿಗೆ ವಾಟ್ಸಾಪ್‌ನಲ್ಲಿ ತೋರಿಸುವುದು ಆ ಮಂಕು ರೂಪವನ್ನೇ ಆಗಿರಲಿ, ಆಮೇಲೆ ಬಣ್ಣ ಬರಲಿಲ್ಲ ಎಂಬ ತಕರಾರಿಲ್ಲ.

ಲೇಯರ್‌ಗಳು ಉಳಿಯುವ ಪಿಎಸ್‌ಡಿ ಫೈಲ್‌ನಲ್ಲಿ ನೆರಳಿನ ಲೇಯರ್‌ಗೆ "ನೆರಳು, ಬೆಳಕು ಎಡದಿಂದ" ಅಂತಲೇ ಹೆಸರಿಟ್ಟು ಉಳಿಸಿ, ಎಲ್ಲ ಲೇಯರ್ ಒಂದಾಗಿಸಿ ಫ್ಲ್ಯಾಟನ್ ಮಾಡಿದ್ದನ್ನು ಬೇರೆ ಫೈಲ್ ಮಾಡಿ. ಬೆಳಗಾದರೆ ಜಾತ್ರೆ ಎನ್ನುವಾಗ ರಾತ್ರಿ ಫೋನ್ ಬಂದೇ ಬರುತ್ತದೆ: "ಅಣ್ಣ, ನಮ್ಮ ಮಾವಂದೂ ಒಂದು ಫೋಟೋ ಸೇರಿಸ್ಬೇಕಿತ್ತು."